ಸೌಟಿನ ಸಿಪಾಯಿಯ ಕೋವಿ

ಮರುಳಪ್ಪ ಮಿಲಿಟರಿಗೆ ಸೇರಿದ್ದು ಅಡುಗೆಯವನಾಗಿ. ಇದನ್ನು ನಮ್ಮೂರಿನವರು ಅವನು ಸಾಯುವವರೆಗೂ ಮರೆಯಲಿಲ್ಲ, ಅವನಿಗೆ ಮರೆಯಲು ಬಿಡಲೂ ಇಲ್ಲ. ಎಪ್ಪತ್ತೊಂದರ ಯುದ್ಧ ಮುಗಿಸಿ, ಒಂದು ಕಿವಿ ಮಂದ ಮಾಡಿಕೊಂಡು ಮನೆಗೆ ಬಂದ ದಿನ ನೊಣವಿನಕೆರೆ ಬಸ್ಸಿನಿಂದ ಇಳಿದವನ ಹೆಗಲ ಮೇಲೆ ಒಂದು ಟ್ರಂಕು ಇತ್ತು. ಕೈಯಲ್ಲಿ ಏನಿತ್ತು ಅಂತೀರಿ? ಪದಕವಲ್ಲ, ಬಂದೂಕಲ್ಲ. ಆಳೆತ್ತರದ ಮರದ ಹುಟ್ಟು. ಕೊಪ್ಪರಿಗೆಯಲ್ಲಿ ಬೇಳೆ ಕದಡುವ, ಬೀಟೆ ಮರದ ಹುಟ್ಟು. ಕಾಯಿ ವ್ಯಾಪಾರದ ದೊಡ್ಡಣ್ಣ ಅರಳಿಕಟ್ಟೆಯ ಮೇಲೆ ಕೂತಿದ್ದ. ನೋಡಿದವನೇ "ಸೌಟಿನ ಸಿಪಾಯಿ ಬಂದ ಕಣ್ರಲಾ" ಅಂದ. ಆ ಹೆಸರು ಅಂಟಿಕೊಂಡಿತು.

ಮರುಳಪ್ಪ ನಕ್ಕು ಸುಮ್ಮನಾದ. ನಾನಾಗಿದ್ದರೆ ಆ ಹುಟ್ಟಿನಲ್ಲೇ ದೊಡ್ಡಣ್ಣನ ಬೆನ್ನು ಅಳೆಯುತ್ತಿದ್ದೆ. ನಾನು ತೋಂಟದಾರ್ಯ, ಊರಿನ ಹಿಟ್ಟಿನ ಗಿರಣಿಯವನು. ಮೋಟರಿನ ಸದ್ದಿನಲ್ಲಿ ಬದುಕಿದವನಿಗೆ ಮೆತ್ತಗೆ ಮಾತಾಡಲು ಬರುವುದಿಲ್ಲ, ಸಿಟ್ಟೂ ಬೇಗ. ನಾನೂ ಅವನೂ ಒಂದೇ ಕೆರೆಯಲ್ಲಿ ಈಜು ಕಲಿತವರು. ಅವನನ್ನು ಬೈಯುವ ಹಕ್ಕು ನನ್ನದು, ದೊಡ್ಡಣ್ಣನದಲ್ಲ.

ಆಮೇಲೆ ವರ್ಷಗಟ್ಟಲೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಕಡೆ ಮದುವೆ, ನಾಮಕರಣ, ಶಿವಗಣಾರಾಧನೆ ಎಲ್ಲಕ್ಕೂ ಅವನದೇ ಅಡುಗೆ. ಆ ಹುಟ್ಟು ಹೆಗಲ ಮೇಲಿಟ್ಟುಕೊಂಡು ಅವನು ಬಸ್ಸು ಹತ್ತಿದರೆ ಕಂಡಕ್ಟರು ಕೂಡ "ಎಲ್ಲಣ್ಣ ಇವತ್ತು ಊಟ?" ಅಂತ ಕೇಳುತ್ತಿದ್ದ. ಅವನ ಸಾರು ಉಂಡವರೆಲ್ಲ ಬೆರಳು ನೆಕ್ಕಿದರು, ಎದ್ದು ಕೈತೊಳೆಯುತ್ತ ಸೌಟಿನ ಸಿಪಾಯಿ ಎಂದರು.

ಎಂಬತ್ತೊಂದನೇ ಇಸವಿಯಲ್ಲಿ ಅವನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಬೆಂಗಳೂರಿನ ಡಾಕ್ಟರು ಒಂದಷ್ಟು ದಿನ ಗಡ್ಡೆ ಸುಡುವ ಕರೆಂಟು ಕೊಟ್ಟರು, ಆಮೇಲೆ ಮನೆಗೆ ಕರೆದುಕೊಂಡು ಹೋಗಿ ಅಂದರು. ಅದರ ಅರ್ಥ ನನಗೂ ಅವನಿಗೂ ತಿಳಿಯಿತು. ಅವನ ಹೆಂಡತಿ ಕಲ್ಲಮ್ಮ ಮಾತ್ರ ಮನೆಗೆ ಕಳಿಸಿದರು ಅಂದರೆ ವಾಸಿಯಾಗಿದೆ ಅಂತಲೇ ತಿಳಿದುಕೊಂಡಳು. ಮಕ್ಕಳಿಲ್ಲದ ಮನೆ. ಗಂಜಿಯನ್ನು ಬಟ್ಟೆಯಲ್ಲಿ ಸೋಸಿ ಸೋಸಿ ಕುಡಿಸುತ್ತಿದ್ದಳು. ಮರುಳಪ್ಪನ ದನಿ ಇಳಿದು ಇಳಿದು ಪಿಸುಮಾತಾಯಿತು.

ಒಂದು ಬೆಳಿಗ್ಗೆ ಅವನು ಗಿರಣಿಗೆ ಬಂದು ಮೋಟರು ನಿಲ್ಲಿಸು ಅಂತ ಸನ್ನೆ ಮಾಡಿದ. ನಿಲ್ಲಿಸಿದೆ. ಗೋಣಿಯಲ್ಲಿ ಸುತ್ತಿದ ಕಬ್ಬಿಣದ ಗಂಟೊಂದನ್ನು ಹಲಗೆಯ ಮೇಲಿಟ್ಟು ಬಿಚ್ಚಿದ. ಕೇಪಿನ ಕೋವಿಯ ಸಾಮಾನು. ಬಾಯಿಯ ಕಡೆಯಿಂದ ಮದ್ದು ಸುರಿದು, ಮೇಲೆ ನಾರು ತುರುಕಿ, ಸಲಾಕೆಯಿಂದ ಜಡಿದು, ಹಿಂದುಗಡೆ ಕಿಡಿ ಹಾರಿಸುವ ಕೇಪು ಇಟ್ಟು ಹೊಡೆಯುವ ಹಳೇ ಕಾಲದ ಕೋವಿ. ಪೂರ್ತಿ ಕೋವಿ ಕೊಳ್ಳುವ ಶಕ್ತಿ ಇಲ್ಲದವರಿಗೆ ಮೈಸೂರಿನ ವ್ಯಾಪಾರಿಯೊಬ್ಬ ಬಿಡಿ ಸಾಮಾನು ಕೊಡುತ್ತಿದ್ದನಂತೆ. ನಂಬರು ಕೊರೆದ ನಳಿಗೆ, ಕೇಪಿಗೆ ಬಡಿಯುವ ಕುದುರೆ, ಸ್ಪ್ರಿಂಗು, ಟ್ರಿಗರು, ಹಿತ್ತಾಳೆಯ ಪಟ್ಟಿಗಳು, ಒಂದು ಹಿಡಿ ಸ್ಕ್ರೂ. ಮರ ಕೊಂಡವರದು, ಜೋಡಿಸುವ ಕೆಲಸವೂ ಕೊಂಡವರದು. ತೋಟಕ್ಕೆ ಮಂಗನ ಕಾಟ ಅಂತ ಅರ್ಜಿ ಹಾಕಿ ಮರುಳಪ್ಪ ಲೈಸೆನ್ಸನ್ನೂ ಮಾಡಿಸಿಕೊಂಡಿದ್ದ.

"ಲೇ, ಮಂಗಕ್ಕೆ ಕೋವಿ ಯಾಕ್ಲಾ? ಡಬ್ಬ ಬಡುದ್ರೆ ಓಡೋಯ್ತವೆ" ಅಂದೆ.

"ಮಂಗಕ್ಕಲ್ಲ ಕಣ್ಲಾ. ನಂಗೆ."

ನಾನು ಅವನ ಕೊರಳಪಟ್ಟಿ ಹಿಡಿದೆ. "ಕಲ್ಲಮ್ಮನ ಗತಿ ಏನ್ಲಾ ಬೇವಾರ್ಸಿ? ನೋವು ತಡೆಯಕಾಗದಿದ್ರೆ ನಂಗೆ ಹೇಳು, ಮತ್ತೆ ಡಾಕ್ಟ್ರ ಹತ್ರ ಹೋಗಾನ. ಇಂಥ ಕೆಲ್ಸ ಮಾಡ್ಕೊಂತೀನಿ ಅಂದ್ರೆ ನಾನೇ ಕೊಂದುಬುಡ್ತೀನಿ ನಿನ್ನ."

ಅವನ ಭುಜ ಅಲುಗಾಡತೊಡಗಿತು. ಅಳುತ್ತಿದ್ದಾನೆ ಅಂದುಕೊಂಡೆ. ನಗುತ್ತಿದ್ದ, ಸದ್ದಿಲ್ಲದೆ. ನನ್ನ ಕೈ ಬಿಡಿಸಿ, ಕಿವಿಯ ಹತ್ತಿರ ಬಾಯಿ ತಂದು ಹೇಳಿದ: "ಸತ್ ಮ್ಯಾಲೆ ಕಣೋ."

ಆಮೇಲೆ ತಡೆದು ತಡೆದು ಎಲ್ಲ ಹೇಳಿದ. ಯುದ್ಧದಲ್ಲಿ ಅವನ ಜೊತೆ ಇನ್ನೊಬ್ಬ ಅಡುಗೆಯವನಿದ್ದ. ಮುಂದಿನ ಸಾಲಿನವರಿಗೆ ರೊಟ್ಟಿ ಹೊತ್ತುಕೊಂಡು ಹೋಗುವಾಗ ಶೆಲ್ಲು ಬಿದ್ದು ಸತ್ತ. ಬೆಂಕಿ ಕೊಡುವ ಮುಂಚೆ ಸಿಪಾಯಿಗಳು ಸಾಲಾಗಿ ನಿಂತು ಆಕಾಶಕ್ಕೆ ಗುಂಡು ಹಾರಿಸಿದರು.

"ಅಡಿಗೆಯವ್ನು ಅಂತ ನೋಡ್ಲಿಲ್ಲ ಕಣ್ಲಾ. ಅವುನ್ಗೂ ಹಾರ್ಸಿದ್ರು. ನಾನು ಮನೇಲಿ ಸಾಯ್ತಾ ಇವ್ನಿ, ನಂಗ್ಯಾರು ಹಾರುಸ್ತಾರೆ? ನೀನು ಹಾರ್ಸು. ಬರೀ ಮದ್ದು, ಗುಂಡು ಬ್ಯಾಡ. ಒಂದೇ ಒಂದ್ಸಲ."

"ಕಲ್ಲಮ್ಮಂಗೆ ಹೇಳಿದ್ಯಾ?" ಅಂತ ಕೇಳಿದೆ.

"ಇಲ್ಲ. ನಾನು ಹುಷಾರಾಯ್ತೀನಿ ಅಂತ ಅನ್ಕಂಡವ್ಳೆ. ಇರ್ಲಿ. ನೀನೂ ಹೇಳ್ಬ್ಯಾಡ."

ಮರಕ್ಕೆಂದು ಬಡಗಿ ಸಣ್ಣತಿಮ್ಮಯ್ಯನನ್ನು ಕರೆಸಿದೆ. ಹಲಸು ಒಳ್ಳೇದು, ಸಿಗದಿದ್ದರೆ ಹೊನ್ನೆ ಅಂದ. ಮರುಳಪ್ಪ ತಲೆ ಅಲ್ಲಾಡಿಸಿ ಮನೆಗೆ ಹೋಗಿ ತನ್ನ ಹುಟ್ಟು ತಂದು ಹಲಗೆಯ ಮೇಲೆ ಮಲಗಿಸಿದ. ಅಗಲದ ತುದಿ ಹೆಗಲಿಗೆ, ಉದ್ದನೆಯ ಹಿಡಿ ನಳಿಗೆಗೆ ಅಂತ ಸನ್ನೆ ಮಾಡಿದ. ಸಣ್ಣತಿಮ್ಮಯ್ಯ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ದಪ್ಪ ಸಾಲ್ತದೆ ಕಣಪ್ಪ. ಆದ್ರೂ ಇದನ್ನ ಕೊಯ್ಯಕೆ ನಂಗೆ ಕೈ ಬರಲ್ಲ" ಅಂತ ಉಳಿ ಕೆಳಗಿಟ್ಟ. ಮರುಳಪ್ಪನೇ ಗರಗಸ ಎತ್ತಿಕೊಂಡ.

ಸುದ್ದಿ ಕಲ್ಲಮ್ಮನಿಗೆ ಹೋಗಲು ಎಷ್ಟು ಹೊತ್ತು? ಅಷ್ಟರಲ್ಲೇ ಗಿರಣಿಗೆ ಬಂದಳು. ಹಿಟ್ಟು ಬೀಸಿಸಲು ಬಂದಿದ್ದ ಹೆಂಗಸರೆಲ್ಲ ನೋಡುತ್ತಿದ್ದರು.

"ಅನ್ನ ಹಾಕಿದ್ ಹುಟ್ಟು ಕಣ್ರೀ ಅದು. ಎಷ್ಟು ಮದ್ವೆ, ಎಷ್ಟು ಹಸಿದ್ ಹೊಟ್ಟೆ ನೋಡಿರೋದು. ಅದನ್ನ ಕೊಯ್ದು ಜೀವ ತೆಗೆಯೋ ಸಾಮಾನು ಮಾಡ್ತೀರಾ? ಇರುವೆಗೂ ಸಕ್ಕರೆ ಹಾಕಿ ಬದುಕ್ದೋರು ನಾವು. ಮಂಗ ಎರಡು ಕಾಯಿ ಕಿತ್ರೆ ಏನು ಹೋಯ್ತದೆ?"

ಮರುಳಪ್ಪ ಬಾಯಿ ತೆರೆದ. ದನಿ ಬರಲಿಲ್ಲ. ಬಂದಿದ್ದರೂ ಅವನು ಹೇಳುತ್ತಿರಲಿಲ್ಲ. ಕಲ್ಲಮ್ಮ ಸ್ವಲ್ಪ ಹೊತ್ತು ಕಾದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋದಳು. ಅವತ್ತಿನಿಂದ ಗಂಡನ ಜೊತೆ ಮಾತು ಬಿಟ್ಟಳು. ಗಂಜಿ ಸೋಸುವುದು ಬಿಡಲಿಲ್ಲ. ಲೋಟ ಕೈಗೆ ಕೊಟ್ಟು, ಕುಡಿಯುವವರೆಗೂ ನಿಂತು, ಖಾಲಿ ಲೋಟ ಇಸಿದುಕೊಂಡು ಹೋಗುತ್ತಿದ್ದಳು. ಅವನಿಗೆ ದನಿ ಇಲ್ಲ, ಇವಳು ಆಡುವುದಿಲ್ಲ. ಆ ಮನೆಗೆ ಹೋದಾಗ ಎಷ್ಟೋ ಸಲ ಹೇಳಿಬಿಡೋಣ ಅಂತ ನಾಲಗೆ ತುದಿಗೆ ಬಂತು. ಅವನು ಕಣ್ಣಲ್ಲೇ ತಡೆಯುತ್ತಿದ್ದ.

ಮರಕ್ಕೆ ಕಬ್ಬಿಣ ಕೂರಿಸುವುದು ಅಷ್ಟು ಸುಲಭದ ಕೆಲಸವಲ್ಲ. ಕುದುರೆ, ಸ್ಪ್ರಿಂಗು ಕೂತ ಕಬ್ಬಿಣದ ಪೆಟ್ಟಿಗೆ ಮರದೊಳಗೆ ಒಂದು ಕೂದಲೂ ಸಂದಿಲ್ಲದೆ ಕೂರಬೇಕು. ಮರುಳಪ್ಪ ಅದಕ್ಕೆ ಅಡುಗೆಮನೆಯ ಉಪಾಯ ಹೂಡಿದ. ಪಾತ್ರೆಯ ತಳದ ಮಸಿಯನ್ನು ಎಣ್ಣೆಯಲ್ಲಿ ಕಲೆಸಿ ಕಬ್ಬಿಣಕ್ಕೆ ಸವರಿ, ಮರದ ಮೇಲೆ ಒತ್ತಿ ತೆಗೆಯುತ್ತಿದ್ದ. ಎಲ್ಲಿ ಕಪ್ಪು ಹತ್ತಿತೋ ಅಲ್ಲಿ ಉಬ್ಬು. ಅಷ್ಟನ್ನೇ ಉಳಿಯಿಂದ ಕೆರೆದು ಮತ್ತೆ ಒತ್ತುವುದು. ದಿನವೆಲ್ಲ ಅದೇ. ಕೆಮ್ಮು ಬಂದಾಗ ರಾಗಿ ಮೂಟೆಗೆ ಒರಗುತ್ತಿದ್ದ. ಗಿರಾಕಿಗಳು ಏನು ಎತ್ತ ಎಂದರೆ ನಾನು ಗದರಿ ಕಳಿಸುತ್ತಿದ್ದೆ.

ಮರಕ್ಕೆ ಕೂರಿಸುವ ಮುಂಚೆ ನಳಿಗೆಯನ್ನೊಂದೇ ಪರೀಕ್ಷೆ ಮಾಡಿದೆವು. ಅವನ ತೋಟದಲ್ಲಿ ಸಿಡಿಲು ಬಡಿದು ಮುರಿದ ತೆಂಗಿನ ಬೊಡ್ಡೆ ಇತ್ತು. ಅದಕ್ಕೆ ನಳಿಗೆಯನ್ನು ಹಗ್ಗದಿಂದ ಬಿಗಿದು, ಮದ್ದು ಎರಡರಷ್ಟು ಸುರಿದು, ತೆಂಗಿನ ನಾರು ಜಡಿದು, ಕೇಪಿನ ಜಾಗಕ್ಕೆ ಮದ್ದು ಸವರಿದ ಬತ್ತಿ ಇಟ್ಟೆ. ಬತ್ತಿಯ ತುದಿಗೆ ಊದುಬತ್ತಿ ಸೋಕಿಸಿ ದೂರ ಓಡಿ ಬದುವಿನ ಹಿಂದೆ ಕೂತೆವು. ಸೀಳುವುದಿದ್ದರೆ ಈಗಲೇ ಸೀಳಲಿ ಅಂತ. ಢಂ ಅಂತ ಹೊಡೆಯಿತು. ಸುತ್ತಲ ಮರಗಳ ಸುಳಿಯಲ್ಲಿದ್ದ ಅಳಿಲು, ಕಾಗೆ, ಪಕ್ಕದ ತೋಟದ ಮಂಗ ಎಲ್ಲ ಚದುರಿದವು. ನಾರು ಹೊಗೆಯಾಡುತ್ತ ಪಾತಿಯಲ್ಲಿ ಬಿತ್ತು. ನಳಿಗೆಗೆ ಒಂದು ಗೀರೂ ಇಲ್ಲ. ಮರುಳಪ್ಪ ತನ್ನ ಮಂದಗಿವಿಯನ್ನು ಮುಟ್ಟಿ ತೋರಿಸಿದ, ಇದಕ್ಕೂ ಕೇಳಿಸಿತು ಅಂತ. ಅವನ ಮುಖದಲ್ಲಿ ಆ ಸಂತೋಷ ಕಂಡು ನಾನು ಬೇರೆ ಕಡೆ ತಿರುಗಿದೆ.

ಎಲ್ಲ ಜೋಡಿಸಿದ ಮೇಲೆ ಮರಕ್ಕೆ ವಾರ್ನಿಷ್ ಹೊಡೆಯೋಣ ಅಂದೆ. ಡಬ್ಬವನ್ನೂ ತಂದಿದ್ದೆ. ಅವನು ಬೇಡವೆಂದು ಕೈಯಾಡಿಸಿದ. "ಅನ್ನದ ಮರ" ಅಂತ ಪಿಸುಗುಟ್ಟಿ, ಅಂಗೈಯಲ್ಲಿ ಕೊಬ್ಬರಿ ಎಣ್ಣೆ ಹಾಕಿಕೊಂಡು ತಿಕ್ಕುತ್ತ ಕೂತ. ಮರ ಕಪ್ಪಗೆ ಮಿನುಗಿತು. ಹಾರಿಸಿ ನೋಡೋಣ ಅಂದರೆ ಅದಕ್ಕೂ ಒಪ್ಪಲಿಲ್ಲ. ಮೊದಲ ಸದ್ದು ತನ್ನದು ಅಂತ ಎದೆ ಮುಟ್ಟಿಕೊಂಡ. ಎದ್ದು ನಿಂತು ಕೋವಿಯನ್ನು ಹೆಗಲಿಗೇರಿಸಿ, ಹಿಮ್ಮಡಿ ಜೋಡಿಸಿ, ಗಿರಣಿಯ ನಡುವೆ ನೆಟ್ಟಗೆ ನಿಂತ. ಹಿಟ್ಟಿನ ಧೂಳಿನಲ್ಲಿ ತೊಗಲು ಮೂಳೆ ಎರಡೇ ಉಳಿದಿದ್ದ ಮನುಷ್ಯ.

ಅವನು ಹೋದದ್ದು ಒಂದು ಮಧ್ಯಾಹ್ನ, ಕಲ್ಲಮ್ಮ ಗಂಜಿ ಸೋಸುತ್ತಿದ್ದಾಗ. ಲೋಟ ತಂದು ನೋಡಿದಳಂತೆ. ಕರೆದಳಂತೆ. ಅಷ್ಟು ದಿನದ ಮೇಲೆ ಅವಳು ಆಡಿದ ಮೊದಲ ಮಾತು ಅದು, ಕೇಳುವವನು ಇರಲಿಲ್ಲ.

ಮಾರನೇ ದಿನ ತೋಟದಲ್ಲೇ ಸಮಾಧಿ. ಮುರಿದ ಬೊಡ್ಡೆಯ ಪಕ್ಕ ಗುಣಿ ತೆಗೆದಿದ್ದರು. ನಾನು ಬದುವಿನ ಹತ್ತಿರ ಕೂತು ಅಳತೆಯ ಮದ್ದು ಸುರಿದು, ನಾರು ಜಡಿದು, ಕೋವಿಯನ್ನು ಹುಷಾರಾಗಿ ಬೊಡ್ಡೆಗೆ ಒರಗಿಸಿ ಹೋದೆ. ನಮ್ಮ ಪದ್ಧತಿಯಂತೆ ಅವನನ್ನು ಕೂರಿಸಿ ಗುಣಿಗೆ ಇಳಿಸುವಾಗ ಹೆಗಲು ಕೊಡಬೇಕಿತ್ತು. ವಿಭೂತಿ, ಪತ್ರೆ ಎಲ್ಲ ಆಗುವ ಹೊತ್ತಿಗೆ ತಿರುಗಿ ನೋಡುತ್ತೇನೆ, ಪೂಜೆ ಮಾಡಿಸಲು ಬಂದಿದ್ದ ನಮ್ಮ ಅಯ್ಯನವರು ಶಂಭುಲಿಂಗಯ್ಯ ಕೋವಿಯ ಮುಂದೆ ನಿಂತಿದ್ದಾರೆ. ಕೋವಿಗೆ ಮೂರು ಎಳೆ ವಿಭೂತಿ ಬಳಿದಾಗಿದೆ, ಹೂ ಸಿಕ್ಕಿಸಿದ್ದಾಗಿದೆ, ಕೈಯಲ್ಲಿ ಒಡೆದ ತೆಂಗಿನಕಾಯಿಯ ಎರಡು ಹೋಳು. ನೀರೆಲ್ಲ ಕುದುರೆಯ ಮೇಲಿಂದ ಇಳಿದು ಮರದ ಮೇಲೆ ಹರಿಯುತ್ತಿದೆ.

"ಏನ್ ಮಾಡಿದ್ರಿ ಅಯ್ಯನೋರೆ!"

"ಯಾಕಪ್ಪ? ಹೊಸಾ ಸಾಮಾನು. ಕಾಯಿ ಒಡೀದೆ ಕೈ ಹಾಕ್ತಾರಾ?"

ಅವರದೇನು ತಪ್ಪು? ನಮ್ಮ ಸೀಮೆಯಲ್ಲಿ ಪಂಪ್‌ಸೆಟ್ಟು ಬಂದರೂ ಕಾಯಿ, ನೇಗಿಲು ಬಂದರೂ ಕಾಯಿ, ನನ್ನ ಗಿರಣಿಯ ಮೋಟರಿಗೂ ಅವರೇ ಕಾಯಿ ಒಡೆದು ನೀರು ಹೊಯ್ದಿದ್ದರು. ಆದರೂ ಆವತ್ತು ಬಾಯಿಗೆ ಬಂದಂತೆ ಬೈದೆ. ಪಂಚೆಯ ತುದಿಯಲ್ಲಿ ಒರೆಸಿ, ಕೇಪು ಇಟ್ಟು, ಗುಣಿಯ ತಲೆಯ ಕಡೆ ನಿಂತು ಆಕಾಶಕ್ಕೆ ಹಿಡಿದೆ. ಊರವರು ಯಾಕೆ ಏನು ಅಂತ ತಿಳಿಯದೆ ಹಿಂದೆ ಸರಿದರು. ಕಲ್ಲಮ್ಮ ನನ್ನನ್ನೇ ನೋಡುತ್ತಿದ್ದಳು. ಎಳೆದೆ.

ಟಕ್.

ಇನ್ನೊಂದು ಕೇಪು ಇಟ್ಟು ಎಳೆದೆ. ಮತ್ತೆ ಟಕ್. ಆಗ ಹಿಂದಿನಿಂದ ದೊಡ್ಡಣ್ಣನ ದನಿ ಕೇಳಿತು: "ಎಷ್ಟಾದ್ರೂ ಸೌಟಲ್ವಾ. ಅದೆಲ್ಲಿ ಹಾರ್ತದೆ?"

ಒಂದಿಬ್ಬರು ನಕ್ಕರು. ಗುಣಿಯ ಮುಂದೆ ನಿಂತಿದ್ದೇನೆ ಎಂಬುದನ್ನೂ ಮರೆತು ಅವನ ಮೇಲೆ ಏರಿ ಹೋದೆ. ಸಣ್ಣತಿಮ್ಮಯ್ಯ ನನ್ನ ಸೊಂಟ ಹಿಡಿದುಕೊಳ್ಳದಿದ್ದರೆ ಅವತ್ತು ಇನ್ನೊಂದು ಗುಣಿ ತೆಗೆಯಬೇಕಾಗುತ್ತಿತ್ತು. ಮಣ್ಣು ಎಳೆದರು. ಮರುಳಪ್ಪ ಸದ್ದಿಲ್ಲದೆ ಹೋದ.

ಸಂಜೆ ಕಲ್ಲಮ್ಮ ಕೇಳಿದಳು, "ಅದೇನಣ್ಣಯ್ಯ ನೀವು ಮಾಡಕ್ ಹೋಗಿದ್ದು?"

ಇನ್ನು ಮುಚ್ಚಿಡುವುದಕ್ಕೆ ಏನಿತ್ತು? ಎಲ್ಲ ಹೇಳಿದೆ. ರೊಟ್ಟಿ ಹೊತ್ತ ಅಡುಗೆಯವನದು, ಆಕಾಶಕ್ಕೆ ಹಾರಿಸಿದ್ದು, ಅವಳಿಗೆ ಹೇಳಬೇಡ ಅಂದದ್ದು.

"ಮಂಗ ಹೊಡಿಯಕ್ಕಲ್ವಾ?"

"ಅಲ್ಲ ತಾಯಿ. ಗುಂಡನ್ನ ಅವ್ನು ತರಿಸ್ಲೇ ಇಲ್ಲ."

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. "ಮಾತು ಬಿಟ್ಟಿದ್ನಲ್ಲಣ್ಣಯ್ಯ. ಜೀವ ತೆಗೆಯೋರ ಜೊತೆ ಏನು ಮಾತು ಅಂತ ಬಿಟ್ಟಿದ್ದೆ. ಕೊನೇಗೆ ಒಂದು ಮಾತೂ ಆಡ್ದಂಗೆ ಕಳುಸ್ದೆ." ಆಮೇಲೆ ಅವಳು ಅತ್ತದ್ದನ್ನು ನಾನು ಬರೆಯಲಾರೆ. ಗೋಡೆಗೆ ಒರಗಿಸಿದ್ದ ಕೋವಿಯ ಮರವನ್ನು ತಬ್ಬಿಕೊಂಡು ಕೂತಿದ್ದಳು. ಅವನ ಅಂಗೈ ತಿಕ್ಕಿ ತಿಕ್ಕಿ ಸವೆದ ಜಾಗ ಅವಳ ಕೆನ್ನೆಗೆ ತಾಗುತ್ತಿತ್ತು.

ಸ್ವಲ್ಪ ದಿನದಲ್ಲೇ ಠಾಣೆಯಿಂದ ಪೊಲೀಸು ದುರ್ಗಯ್ಯ ಬಂದ. ಲೈಸೆನ್ಸು ಇದ್ದವನು ಸತ್ತರೆ ಕೋವಿ ಠಾಣೆಗೆ ಒಪ್ಪಿಸಬೇಕು. ಕೈಗೆತ್ತಿಕೊಳ್ಳಲು ಹೋದವನಿಗೆ "ತುಂಬಿದೆ, ಹುಷಾರು" ಅಂದೆ. ಬೆಂಕಿ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ.

"ತುಂಬಿರೋದ್ನ ನಾನು ಬಸ್ನಲ್ಲಿ ಹೆಂಗೆ ತಗಂಡ್ ಹೋಗ್ಲಿ? ಖಾಲಿ ಮಾಡ್ಕೊಡಿ ಸ್ವಾಮಿ."

"ಹಾರಿಸಿದ್ರೇ ಖಾಲಿ ಆಗೋದು" ಅಂದೆ.

ಕಲ್ಲಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಒಳಗೆ ಹೋಗಿ ಸೂಜಿ ತಂದಳು. "ಇದನ್ನ ಹೆಂಗೆ ಸರಿ ಮಾಡೋದು, ಹೇಳ್ರಣ್ಣಯ್ಯ."

ಕೇಪು ಕೂರುವ ಪುಟ್ಟ ಕೊಳವೆಯ ತೂತಿನಲ್ಲಿ ಕಾಯಿನೀರಿನ ಅಂಟು ಒಣಗಿ ಕಟ್ಟಿಕೊಂಡಿತ್ತು. ನಾನು ತೋರಿಸಿದೆ, ಅವಳು ಬಿಡಿಸಿದಳು. ಸೂಜಿಯಿಂದ ಚುಚ್ಚಿ, ಊದಿ, ಮತ್ತೆ ಚುಚ್ಚಿ, ತೂತು ಬಿಟ್ಟಿತು. ಅದರೊಳಕ್ಕೆ ಒಣ ಮದ್ದನ್ನು ಕಾಳು ಕಾಳಾಗಿ ಇಳಿಬಿಟ್ಟಳು. ತೋಟಕ್ಕೆ ಹೊರಟೆವು. ದುರ್ಗಯ್ಯ ನಮ್ಮ ಹಿಂದೆಯೇ ಬಂದ, ಬೇಡ ಅನ್ನಲಿಲ್ಲ.

ಸಮಾಧಿಯ ಹತ್ತಿರ ನಾನು ಕೈ ಚಾಚಿದೆ. ಅವಳು ಕೊಡಲಿಲ್ಲ.

"ನೀವು ಎಳ್ದಿದ್ದಾಯ್ತಲ್ಲಣ್ಣಯ್ಯ. ಇದು ನಂದು."

ಅಗಲದ ತುದಿಯನ್ನು ಹೆಗಲಿಗೆ ಹೇಗೆ ಒತ್ತಬೇಕು, ಕುದುರೆ ಹೇಗೆ ಎತ್ತಬೇಕು ಅಂತ ಹೇಳಿಕೊಟ್ಟೆ. ಮನೆಯಿಂದ ಹೊಲಕ್ಕೆ, ಹೊಲದಿಂದ ಮನೆಗೆ ಅಂತ ಬದುಕಿದ ಹೆಂಗಸು, ಕೋವಿಯನ್ನು ತೆಂಗಿನ ಗರಿಗಳ ನಡುವಿನ ಆಕಾಶಕ್ಕೆ ಹಿಡಿದಳು. ಟೋಪಿ ತೆಗೆದು ಬೆವರು ಒರೆಸಿಕೊಳ್ಳುತ್ತಿದ್ದ ದುರ್ಗಯ್ಯ ಅವಳನ್ನು ನೋಡಿ ಟೋಪಿ ಹಾಕಿಕೊಂಡ. ಹಿಮ್ಮಡಿ ಜೋಡಿಸಿ ನಿಂತ. ಅವನಿಗೆ ಯಾರೂ ಹೇಳಿರಲಿಲ್ಲ.

ಢಂ ಎಂದಿತು. ಕಲ್ಲಮ್ಮ ಹಿಂದಕ್ಕೆ ಮುಗ್ಗರಿಸಿ ಬೊಡ್ಡೆಗೆ ಒರಗಿದಳು. ಸದ್ದು ಕೆರೆಯ ಏರಿಗೆ ಬಡಿದು ತಿರುಗಿ ಬಂತು. ಊರಿನ ನಾಯಿಗಳೆಲ್ಲ ಬೊಗಳಿದವು. ಹೊಗೆಯಾಡುವ ನಾರು ಸಮಾಧಿಯ ಮಣ್ಣಿನ ಮೇಲೆ ಬಿತ್ತು. ಅವಳು ಅದರ ಪಕ್ಕ ಕೂತು ಮಣ್ಣಿನ ಮೇಲೆ ಕೈಯಿಟ್ಟಳು.

"ಕೇಳುಸ್ತೇನ್ರೀ?" ಅಂದಳು. "ನಾನೇ ಕಣ್ರೀ ಹಾರ್ಸಿದ್ದು. ಮಾತಾಡ್ತಾ ಇವ್ನಿ, ಕೇಳ್ರಿ." ಆಮೇಲೆ ಅವಳು ತುಂಬ ಹೊತ್ತು ಮಾತಾಡಿದಳು. ನಾನೂ ದುರ್ಗಯ್ಯನೂ ದೂರ ಹೋಗಿ ನಿಂತೆವು.

ಎದ್ದು ಬಂದವಳು ಕೋವಿಯನ್ನು ದುರ್ಗಯ್ಯನಿಗೆ ಕೊಡಲು ಹೋಗಿ ತಡೆದಳು. "ನಂಬ್ರು ಎಲ್ಲೈತೆ ಸ್ವಾಮಿ?"

"ನಳಿಗೆ ಮ್ಯಾಲಮ್ಮ."

"ಮರದ ಮ್ಯಾಲೆ ಇಲ್ವಲ್ಲ? ಕಬ್ಣ ತಗಂಡೋಗಿ. ಮರ ನಮ್ಮನೇದು."

ದುರ್ಗಯ್ಯ ನನ್ನ ಮುಖ ನೋಡಿದ, ಸಮಾಧಿಯನ್ನು ನೋಡಿದ. "ಬಿಚ್ಕೊಡಿ" ಅಂದ. ಗಿರಣಿಯಲ್ಲಿ ಸ್ಕ್ರೂ ಒಂದೊಂದಾಗಿ ಬಿಚ್ಚಿ, ಎಲ್ಲ ಬಂದಿದ್ದ ಅದೇ ಗೋಣಿಯಲ್ಲಿ ಸುತ್ತಿ ಕೊಟ್ಟೆ.

ಸತ್ತವನ ಹೆಸರಲ್ಲಿ ಮಾಡುವ ಶಿವಗಣಾರಾಧನೆಯ ದಿನ ಊರಿಗೆಲ್ಲ ಊಟ. ಅಡುಗೆಗೆ ಬೇರೆಯವರನ್ನು ಕರೆಸುತ್ತೇನೆ ಅಂದರೆ ಕಲ್ಲಮ್ಮ ಕೇಳಲಿಲ್ಲ. ತಾನೇ ಒಲೆಯ ಮುಂದೆ ನಿಂತಳು. ಬೇಳೆ ಬೆಂದ ಮೇಲೆ ಆ ಮರವನ್ನು ಬಿಸಿನೀರಲ್ಲಿ ತೊಳೆದು ತಂದು ಕೊಪ್ಪರಿಗೆಗೆ ಇಳಿಸಿದಳು. ವಾರ್ನಿಷ್ ಹೊಡೆದಿದ್ದರೆ ಅದು ಆಗುತ್ತಿರಲಿಲ್ಲ. ಮೇಲೆತ್ತಿದಾಗ ನಳಿಗೆ ಕೂರಲು ಮರುಳಪ್ಪ ಮಸಿ ಹಚ್ಚಿ ಕೆರೆದಿದ್ದ ಕಾಲುವೆಯಲ್ಲಿ ಸಾರು ಹರಿದು ಇಳಿಯುತ್ತಿತ್ತು. ಅವಳ ಬಲ ಹೆಗಲು ಇನ್ನೂ ನೋಯುತ್ತಿತ್ತೋ ಏನೋ, ಎಡಗೈಯಲ್ಲೇ ಕದಡುತ್ತಿದ್ದಳು.

ದೊಡ್ಡಣ್ಣನೂ ಪಂಕ್ತಿಯಲ್ಲಿ ಕೂತಿದ್ದ. ನಾನು ಅವನ ಕಡೆ ನೋಡದೆ ಅನ್ನ ಬಡಿಸಿಕೊಂಡು ಮುಂದೆ ಹೋದೆ. ಅವನು ಸಾರು ಇನ್ನೊಂದು ಸಲ ಕೇಳಿದ. ಬಡಿಸುವವರನ್ನು ತಡೆದು ಕಲ್ಲಮ್ಮ ತಾನೇ ಬಕೆಟ್ಟು ಹಿಡಿದು ಬಂದಳು. ಅವನ ಎಲೆಯ ಮುಂದೆ ಬಗ್ಗಿ ಹೊಟ್ಟೆ ತುಂಬ ಬಡಿಸಿದಳು.

"ಉಣ್ಣಿ ದೊಡ್ಡಣ್ಣೋರೆ" ಅಂದಳು. "ಸಿಪಾಯಿ ಮನೆ ಸಾರು."

ಅವನು ತಲೆ ತಗ್ಗಿಸಿ, ಎಲೆ ಬಳಿದು ಉಂಡ.